ಹಸಿರು ಕಂಪನಿಯ ಕುರ್ಚಿ

“ಕುರ್ಚಿ ನಿಮ್ಮದು.”

ಅವನು ಅವಳೊಂದಿಗೆ ಆಡಿದ ಮೊದಲ ಮಾತು ಅದು.

ಚಿಕ್ಕಮ್ಮನ ಮನೆಯ ಊಟದ ಮೇಜಿಗೆ ಅಂದು ಮೂರೇ ಕುರ್ಚಿಗಳಿದ್ದವು. ಅವಳು ಕಿಟಕಿಗೆ ಒರಗಿ ನಿಂತೇ ಆಡುತ್ತಿದ್ದಳು. ಎದುರಿಗಿದ್ದವನು ಹಲ್ಲಿನ ಡಾಕ್ಟರು, ಚಿಕ್ಕಪ್ಪನ ಪರಿಚಯದವನು, ನೋಡಿದರೆ ಸಂಭಾವಿತ. ಎಂಥ ಸೌಜನ್ಯ ಎಂದುಕೊಂಡು ಅವಳು ಸಂಕೋಚದಿಂದಲೇ ಹೇಳಿದಳು: “ಪರವಾಗಿಲ್ಲ, ನಾನು ನಿಂತೇ ಆಡ್ತೀನಿ.”

ಮೇಜಿನ ಸುತ್ತ ಕೂತ ಮೂವರೂ ಮುಖ ಮುಖ ನೋಡಿಕೊಂಡರು. ಆಮೇಲೆ ನಗಲು ಶುರುಮಾಡಿದ ಚಿಕ್ಕಪ್ಪ ಕೆಮ್ಮು ಬರುವವರೆಗೂ ನಿಲ್ಲಿಸಲಿಲ್ಲ.

“ಅಯ್ಯೋ ಹುಡುಗಿ, ಕೂರೋ ಕುರ್ಚಿ ಅಲ್ವೇ,” ಎಂದಳು ಚಿಕ್ಕಮ್ಮ. “ಕಂಪನಿ ಕುರ್ಚಿ. ದಿವಾಳಿ ಕಂಪನೀನ ನಿನ್ನ ತಲೆಗೆ ಕಟ್ಟಿದಾರೆ ಕಣೇ.”

ಅದು ರೈಲಿನ ಆಟ, ಆದರೆ ಮಕ್ಕಳಾಟವಲ್ಲ. ಮೇಜು ತುಂಬುವ ನಕ್ಷೆ, ಹಳಿಯ ಬಿಲ್ಲೆಗಳು, ಬಣ್ಣಕ್ಕೊಂದು ಕಂಪನಿ, ಕಂಪನಿಗಿಷ್ಟು ಷೇರು. ದಾಳ ಇಲ್ಲ, ಹಾಗಾಗಿ ಸೋತವರು ಅದೃಷ್ಟವನ್ನು ಬೈಯುವಂತಿಲ್ಲ. ಯಾರ ಕೈಯಲ್ಲಿ ಹೆಚ್ಚು ಷೇರು ಇದೆಯೋ ಕಂಪನಿಯ ಕುರ್ಚಿ ಅವರದು. ಯಾರಾದರೂ ಹೊಸ ತಲೆಮಾರಿನ ಎಂಜಿನ್ ಕೊಂಡ ಕೂಡಲೇ ಹಳೆಯವೆಲ್ಲ ಒಟ್ಟಿಗೇ ಗುಜರಿಗೆ ಹೋಗುತ್ತವೆ. ಎಂಜಿನ್ ಇಲ್ಲದ ಕಂಪನಿಗೆ, ಕುರ್ಚಿಯಲ್ಲಿರುವವರು ತಮ್ಮ ಜೇಬಿನಿಂದಲೇ ಹೊಸದನ್ನು ಕೊಡಿಸಬೇಕು. ಆಗದಿದ್ದರೆ ದಿವಾಳಿ, ಅಲ್ಲಿಗೆ ಆಟ ಮುಗಿಯಿತು. ಅದಕ್ಕೇ ಜಾಣರು ಸಮಯ ನೋಡಿ ಷೇರು ಮಾರಿ ಇಳಿದುಬಿಡುತ್ತಾರೆ. ಅವರ ನಂತರ ಹೆಚ್ಚು ಷೇರು ಯಾರದೋ ಅವರ ಕೊರಳಿಗೆ ಕುರ್ಚಿ ಬಂದು ಬೀಳುತ್ತದೆ. ಬೇಡ ಎನ್ನುವ ಹಕ್ಕು ಯಾರಿಗೂ ಇಲ್ಲ.

“ನಂಬಿ ಜೊತೆಗೆ ಬಂದವರೇ ಇಲ್ಲಿ ಮೊದಲು ಮುಳುಗೋದು,” ಎನ್ನುತ್ತಿದ್ದಳು ಚಿಕ್ಕಮ್ಮ. ಇರುವೆ ಕಂಡರೆ ಪಕ್ಕಕ್ಕೆ ಸರಿದು ನಡೆಯುವ ಹೆಂಗಸು, ಆ ಮೇಜಿನ ಮುಂದೆ ಮಾತ್ರ ಕಟುಕಳಂತೆ ಕೂರುತ್ತಿದ್ದಳು.

ಅವತ್ತು ದಿವಾಳಿಯಾದವಳು, ನಿಂತೇ ಆಡಿದ ಅವಳೇ. ಗೇಟಿನ ಬಳಿ ಅವನು ಶೂ ಲೇಸು ಕಟ್ಟುತ್ತ ತಲೆಯೆತ್ತದೆ ಕೇಳಿದ:

“ಕೋಪ ಬಂತಾ?”

“ಬಂತು.”

“ಮುಂದಿನ ಭಾನುವಾರ ಬರ್ತೀರಾ?”

“ಬರ್ತೀನಿ. ನಿಮ್ಮ ಹಲ್ಲು ಕೀಳೋಕೆ.”

ಅವನು ತಲೆಯೆತ್ತಿದ. ಲೇಸಿನ ಗಂಟು ತಪ್ಪಾಗಿ ಬಿದ್ದಿತ್ತು.

ಅವಳಿಗೆ ‘ತಕ್ಕಡಿ’ ಎಂದು ಹೆಸರಿಟ್ಟವನೂ ಅವನೇ. ಔಷಧ ಪರೀಕ್ಷಿಸುವ ಲ್ಯಾಬಿನಲ್ಲಿ ಗಾಜಿನ ಗೂಡೊಳಗಿನ ತಕ್ಕಡಿಯ ಮುಂದೆ ಕೂತು ತೂಗುವುದು ಅವಳ ಕೆಲಸ. ಉಸಿರು ತಾಗಿದರೂ ಅಂಕಿ ಅಲುಗುತ್ತದೆ ಎಂದು ಗೂಡಿನ ಬಾಗಿಲು ಮುಚ್ಚಿ ಕಾಯಬೇಕು. ಆ ಅಭ್ಯಾಸ ಆಟಕ್ಕೂ ಬಂದಿತ್ತು: ಒಂದು ಹಳಿ ಇಡಲು ಹತ್ತು ಸಲ ತೂಗುವಳು.

“ತಕ್ಕಡಿಯವರೇ, ನಮ್ಮ ಜೀವಮಾನ ಇಲ್ಲೇ ಮುಗಿಯತ್ತೆ.”

“ಮುಗೀಲಿ. ನಿಮ್ಮ ಪೇಷಂಟುಗಳು ದೀಪ ಹಚ್ಚಿ ಹರಕೆ ಹೊರ್ತಾರೆ.”

ಅವನು ಸುಳ್ಳು ಹೇಳುವಾಗ ಎಡಗಿವಿ ಮುಟ್ಟಿಕೊಳ್ಳುತ್ತಾನೆ ಎಂಬುದನ್ನು ಅವಳು ಬೇಗನೆ ಕಂಡುಹಿಡಿದಳು. ಯಾರಿಗೂ ಹೇಳಲಿಲ್ಲ. “ಈ ಸಲ ನೀಲಿ ಕಂಪನಿ ತಂಟೆಗೆ ನಾನು ಬರಲ್ಲಪ್ಪ,” ಎನ್ನುತ್ತ ಅವನ ಬೆರಳು ಕಿವಿಯ ಕಡೆಗೆ ಏರುವುದನ್ನು ಅವಳು ರೆಪ್ಪೆಯಡಿಯಿಂದ ನೋಡುವಳು. ಅವಳು ನೋಡುತ್ತಿದ್ದಾಳೆ ಎಂಬುದು ಅವನಿಗೂ ಗೊತ್ತಾಗಿ, ಬೆರಳು ಅರ್ಧ ದಾರಿಯಲ್ಲಿ ನಿಂತು, ಸುಮ್ಮನೆ ಕೂದಲು ಸರಿಮಾಡಿ ಇಳಿಯುವುದು. ಪಕ್ಕದ ಕುರ್ಚಿಯಲ್ಲಿ ಅವನು ಕೂತ ದಿನ ಮಾತ್ರ ಅವಳು ಲ್ಯಾಬಿನಲ್ಲಿದ್ದಂತೆ ಉಸಿರು ಹಿಡಿದೇ ಇರುತ್ತಿದ್ದಳು.

ಅಮ್ಮನನ್ನು ಒಬ್ಬಳನ್ನೇ ಬಿಡಲಾಗದ ಸ್ಥಿತಿ ಬಂದಮೇಲೆ ಆಟ ಅವಳ ಮನೆಗೆ ಬಂತು.

ಅಮ್ಮನದು ರಕ್ತದಲ್ಲಿ ಇಳಿದು ಬರುವ ರೋಗ. ಮೊದಲು ಕೈಗಳು ಮಾತು ಕೇಳುವುದನ್ನು ಬಿಟ್ಟವು. ಆಮೇಲೆ ನಡಿಗೆ, ಆಮೇಲೆ ನಾಲಗೆ, ಆಮೇಲೆ ಸಿಟ್ಟಿನ ಮೇಲಿನ ಹಿಡಿತ. ಅಪ್ಪ ಕೆಲವು ವರ್ಷ ತಡೆದುಕೊಂಡರು. ಒಂದು ದಿನ ತಡೆದುಕೊಳ್ಳಲಿಲ್ಲ. ಈಗ ಬೇರೆ ಊರಲ್ಲಿದ್ದಾರೆ. ಕೆಟ್ಟವರಲ್ಲ. ಆದರೂ ಹೋದರು.

ಅಮ್ಮ, ಚಿಕ್ಕಮ್ಮ ಒಡಹುಟ್ಟಿದವರು; ಅಕ್ಕನಿಗೆ ಬಂದದ್ದು ತಂಗಿಗೆ ಬರಲಿಲ್ಲ. ಚಿಕ್ಕಮ್ಮ ಆ ವಿಷಯ ಎಂದೂ ಎತ್ತುತ್ತಿರಲಿಲ್ಲ. ವಾರಕ್ಕೆ ಮೂರು ದಿನ ಬಂದು ಅಕ್ಕನ ತಲೆ ಬಾಚಿ ಹೋಗುತ್ತಿದ್ದಳು. ಹೆತ್ತವರಲ್ಲಿ ಒಬ್ಬರಿಗಿದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಇದು ಮೇಜಿನ ಸುತ್ತ ಕೂತ ನಾಲ್ವರಿಗೂ ಗೊತ್ತಿತ್ತು. ಆಟದಲ್ಲಿ ಇಲ್ಲದ ದಾಳ ಆ ಮನೆಯಲ್ಲಿತ್ತು.

ಅಮ್ಮನ ಹಲ್ಲು ಕೀಳಬೇಕಾಗಿ ಬಂದಾಗ ಅವನು ಮನೆಗೇ ಬಂದಿದ್ದ. ಅಮ್ಮ ಬಾಯಿ ಬಿಡಲೊಲ್ಲಳು. ಅವನು ಮಂಚದ ಪಕ್ಕ ಮಂಡಿಯೂರಿ ಹೇಳಿದ: “ಅಮ್ಮ, ನೋವಾಗತ್ತೆ. ನಾನಿಲ್ಲೇ ಇರ್ತೀನಿ.” ಅಮ್ಮ ಬಾಯಿ ತೆರೆದಳು.

“ನೋವಾಗಲ್ಲ ಅಂತ ಹೇಳ್ಬಹುದಿತ್ತಲ್ಲ?” ಎಂದು ಆಮೇಲೆ ಕೇಳಿದ್ದಳು ಅವಳು.

“ಯಾರಿಗೂ ಹೇಳಲ್ಲ. ಒಂದು ಸಲ ಸುಳ್ಳಾದ್ರೆ ಮತ್ತೆ ಬಾಯಿ ತೆಗೆಯಲ್ಲ.”

ಹೋದ ಭಾನುವಾರ, ಚಿಕ್ಕಮ್ಮ ಚಿಕ್ಕಪ್ಪ ಮುಂದೆ ಹೋದಮೇಲೆ, ಗೇಟಿನ ಬಳಿ ಅವನು ನಿಂತಿದ್ದ.

“ತಕ್ಕಡಿಯವರೇ, ಒಂದು ಪಾಲುದಾರಿಕೆ ಕೇಳೋಣ ಅಂತ.”

“ಆಟದಲ್ಲಾ?”

“ಅಲ್ಲ.”

ಅವನ ಕೈ ಗೇಟಿನ ಮೇಲೇ ಇತ್ತು. ಕಿವಿಯ ಕಡೆಗೆ ಹೋಗಲಿಲ್ಲ. ಅವಳು ಒಂದು ವಾರದ ಸಮಯ ಕೇಳಿದಳು. ರಕ್ತ ಕೊಟ್ಟು ಬಂದಿದ್ದಳು, ಫಲಿತಾಂಶ ಬರಬೇಕಿತ್ತು. ತೂಗದೆ ಉತ್ತರ ಕೊಡುವುದು ಅವಳಿಗೆ ಬಾರದು.

ಬುಧವಾರ ಫಲಿತಾಂಶ ಬಂತು.

ಈ ಭಾನುವಾರ ಹಸಿರು ಕಂಪನಿಯ ಕುರ್ಚಿ ಅವಳದು. ಅವಳ ಬಳಿ ನಾಲ್ಕು ಷೇರು, ಅವನ ಬಳಿಯೂ ನಾಲ್ಕು; ಸಮವಾದಾಗ ಕೂತವರದೇ ಕುರ್ಚಿ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಚಿಕ್ಕಮ್ಮ ಹೊಸ ಎಂಜಿನ್ ಕೊಂಡಳು. ಚಿಕ್ಕಪ್ಪ “ಶಿವಾ” ಎಂದರು. ಹಸಿರು ಕಂಪನಿಯ ಎಂಜಿನ್‌ಗಳೆಲ್ಲ ಗುಜರಿಗೆ ಹೋದವು.

“ಈಗ ಷೇರಿನ ಸುತ್ತು,” ಎಂದಳು ಚಿಕ್ಕಮ್ಮ, ಖುಷಿಯಿಂದ ಕೈ ಉಜ್ಜುತ್ತ. “ಮೊದಲ ಸರದಿ ಡಾಕ್ಟ್ರದು. ಅವರು ಮಾರಿ ತಪ್ಪಿಸ್ಕೊಂಡ್ರೆ ನೀನು ಕೆಟ್ಟೆ. ಮಾರದಿದ್ರೆ ನೀನು ಮಾರು, ಅವರ ತಲೆಗೆ ಕಟ್ಟು. ಮುಖ ನೋಡ್ಬೇಡ, ಷೇರು ನೋಡು.”

“ಮೊದಲು ಕಾಫಿ,” ಎಂದು ಎದ್ದಳು ಅವಳು.

ಲೋಟ ತೊಳೆಯುವ ನೆಪದಲ್ಲಿ ಅವನೂ ಅಡುಗೆಮನೆಗೆ ಬಂದ. ನಲ್ಲಿ ತಿರುಗಿಸಿ, ಬೆನ್ನು ಹಾಕಿಯೇ ಹೇಳಿದ: “ವಾರ ಆಯ್ತು.”

“ರಕ್ತ ಪರೀಕ್ಷೆ ಮಾಡಿಸಿದ್ದೆ,” ಎಂದಳು ಅವಳು. “ಬುಧವಾರ ಗೊತ್ತಾಯ್ತು. ಇದೆ.”

ನಲ್ಲಿ ಸುರಿಯುತ್ತಲೇ ಇತ್ತು. ಲೋಟ ತುಂಬಿ ಚೆಲ್ಲುತ್ತಿದ್ದರೂ ಅವನು ಕೈ ತೆಗೆಯಲಿಲ್ಲ.

“ಯಾವಾಗ ಅಂತ ಹೇಳಕ್ಕಾಗಲ್ಲ. ಬರತ್ತೆ ಅನ್ನೋದರಲ್ಲಿ ಮಾತ್ರ ಅನುಮಾನ ಇಲ್ಲ.”

“ಚಿಕ್ಕಮ್ಮನಿಗೆ?”

“ಹೇಳಿಲ್ಲ. ನಿಮಗೇ ಮೊದಲು.” ಅವಳು ಉಕ್ಕುತ್ತಿದ್ದ ಹಾಲಿನ ಕೆಳಗೆ ಒಲೆ ಆರಿಸಿದಳು. “ಸಮಾಧಾನ ಹೇಳ್ಬೇಡಿ. ಮೊದಲ ಸರದಿ ನಿಮ್ಮದಿದೆ. ಮಾರಿಬಿಡಿ, ಡಾಕ್ಟ್ರೇ.”

“ಹಸಿರು ಕಂಪನೀದಾ?”

“ಎರಡೂ.”

ಅವನು ನಲ್ಲಿ ನಿಲ್ಲಿಸಿ, ಲೋಟಗಳನ್ನು ಒಂದೊಂದಾಗಿ ಬೋರಲು ಹಾಕಿ, ಮೇಜಿನ ಕಡೆಗೆ ಹೋದ. ಅವಳಿಗೆ ಮೊದಲು ನಿರಾಳವೆನಿಸಿತು. ಅದರ ಬೆನ್ನಿಗೇ ಕಾಲಿನ ಕೆಳಗೆ ನೆಲವೇ ಇಲ್ಲವೆನಿಸಿತು.

ಕಾಫಿ ತಂದಿಟ್ಟಾಗ ಎಲ್ಲರೂ ಅವನನ್ನೇ ನೋಡುತ್ತಿದ್ದರು. ಅವನು ತನ್ನ ಹಣದ ಬಿಲ್ಲೆಗಳನ್ನು ಎಣಿಸಿ, ಆಟದ ಬ್ಯಾಂಕಿನ ಡಬ್ಬಿಯ ಕಡೆಗೆ ತಳ್ಳಿದ.

“ಹಸಿರು. ಒಂದು ಕೊಂಡೆ.”

“ಮಾರಿದೆ ಅನ್ನಿ,” ಎಂದಳು ಚಿಕ್ಕಮ್ಮ.

“ಕೊಂಡೆ ಅಂದೆ. ಈಗ ಐದು. ಕುರ್ಚಿ ಕೊಡಿ.”

“ರೀ, ಅದು ಮುಳುಗ್ತಿರೋ ಕಂಪನಿ! ಹಾಗೆ ಕೊಳ್ಳೋ ಹಾಗಿಲ್ಲ. ನೀವೇ ನಿಯಮ ನೋಡಿ ಹೇಳಿ,” ಎಂದು ಚಿಕ್ಕಮ್ಮ ಗಂಡನ ಕಡೆ ತಿರುಗಿದಳು.

ಚಿಕ್ಕಪ್ಪ ಕನ್ನಡಕ ಏರಿಸಿ ನಿಯಮದ ಪುಸ್ತಕ ತಿರುವಿದರು. ಹಿಂದಕ್ಕೆ ತಿರುವಿ ಮತ್ತೆ ಓದಿದರು. “ಕೊಳ್ಬಾರದು ಅಂತ ಎಲ್ಲೂ ಇಲ್ಲ ಕಣೆ,” ಎಂದರು ನಿಧಾನವಾಗಿ. “ಯಾರೂ ಕೊಳ್ಳಲ್ಲ, ಅಷ್ಟೇ.”

ಇಷ್ಟು ವರ್ಷ ಎಲ್ಲರೂ ಅದನ್ನು ನಿಯಮವೆಂದೇ ನಂಬಿದ್ದರು.

ಚಿಕ್ಕಮ್ಮ ಬೈಯಲು ಬಾಯಿ ತೆರೆದವಳು ಅವನ ಮುಖ ನೋಡಿದಳು. ಅವಳು ಆಟ ಓದಬಲ್ಲವಳು. ಜಾಣನೊಬ್ಬ ಹುಚ್ಚು ನಡೆ ನಡೆದರೆ ಅದರ ಕಾರಣ ಮೇಜಿನ ಮೇಲಿರುವುದಿಲ್ಲ. ಅವಳ ಕಣ್ಣು ಅವನಿಂದ ಅಡುಗೆಮನೆಯ ಬಾಗಿಲಿಗೆ ಹೋಯಿತು, ಅಲ್ಲಿಂದ ಅಕ್ಕನ ಮಗಳ ಕೈಗಳಿಗೆ ಬಂದು ನಿಂತಿತು.

“ಬಂತಾ?” ಎಂದಳು.

ಅವಳು ಹೌದೆಂದು ತಲೆಯಾಡಿಸಿದಳು.

ಒಳಕೋಣೆಯಲ್ಲಿ ಅಮ್ಮನ ಕೈ ಮಂಚದ ಚೌಕಟ್ಟಿಗೆ ತಾಗುವ ಸದ್ದು ಮಾತ್ರ ಕೇಳುತ್ತಿತ್ತು. ಚಿಕ್ಕಪ್ಪ ಪುಸ್ತಕ ಮುಚ್ಚಿದರು. ಚಿಕ್ಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಯಾರನ್ನೂ ನೋಡದೆ ಹೇಳಿದಳು:

“ಆಡಿ. ಕಂಪನಿಗೆ ಎಂಜಿನ್ ಕೊಡಿಸಿ, ಡಾಕ್ಟ್ರೇ. ನಾನು ಬಿಟ್ಟುಕೊಡೋಳಲ್ಲ.”

ಬಿಟ್ಟುಕೊಡಲೂ ಇಲ್ಲ. ಅವನ ಕೊನೆಯ ಬಿಲ್ಲೆಯವರೆಗೆ ಕಿತ್ತುಕೊಂಡಳು. ಸಾಲಲಿಲ್ಲ. ಅವನು ದಿವಾಳಿಯಾದ, ಆಟ ಮುಗಿಯಿತು. ಹೊರಡುವಾಗ ಚಿಕ್ಕಮ್ಮ ಅಕ್ಕನ ಮಗಳ ಕೆನ್ನೆಯನ್ನು ಅಂಗೈಯಲ್ಲಿ ಹಿಡಿದು ನಿಂತಳು. “ನಾಳೆ ಬೆಳಿಗ್ಗೇನೆ ಬರ್ತೀನಿ” ಎಂದಷ್ಟೇ ಹೇಳಿದಳು. ಚಿಕ್ಕಪ್ಪ ಅವಳ ತೋಳು ಹಿಡಿದು ಮೆಟ್ಟಿಲು ಇಳಿಸಿದರು.

ಇಬ್ಬರೇ ಉಳಿದು ಬಿಲ್ಲೆಗಳನ್ನು ಬಣ್ಣದ ಪ್ರಕಾರ ಡಬ್ಬಿಗೆ ತುಂಬತೊಡಗಿದರು.

“ಕನಿಕರಕ್ಕೆ ಆಡಿದ್ರಾ?” ಅವಳ ದನಿ ಒರಟಾಗಿತ್ತು.

“ಕನಿಕರ ಇರೋನಾಗಿದ್ರೆ ಮೊದಲ ದಿನಾನೇ ನಿಮ್ಮ ತಲೆಗೆ ಕಟ್ತಿದ್ನಾ?”

“ತಮಾಷೆ ಬೇಡ. ನಿಮ್ಮ ಲೆಕ್ಕ ತಪ್ಪಿದೆ.”

“ಲೆಕ್ಕ ಸರಿಯಾಗೇ ಹಾಕಿದೆ. ಸೋಲ್ತೀನಿ ಅಂತಲೇ ಉತ್ತರ ಬಂತು. ಆಮೇಲೇ ಕೊಂಡಿದ್ದು.”

ಅವಳ ಕೈಯಲ್ಲಿದ್ದ ಬಿಲ್ಲೆಗಳು ಸದ್ದು ಮಾಡಿದವು. ನಡುಕ ರೋಗದ್ದಲ್ಲ, ಇನ್ನೂ ಅಲ್ಲ. ಆದರೂ ಇಬ್ಬರೂ ಆ ಕೈಯನ್ನೇ ನೋಡಿದರು. ಇನ್ನು ಮುಂದೆ ಯಾವಾಗಲೂ ಹೀಗೇ ನೋಡುತ್ತಾರೆ ಎಂಬುದು ಇಬ್ಬರಿಗೂ ಹೊಳೆಯಿತು.

“ಒಂದು ದಿನ ನಿಮ್ಮ ಮೇಲೆ ತಟ್ಟೆ ಎಸೀತೀನಿ,” ಎಂದಳು. “ಅಮ್ಮ ಎಸೆದಿದ್ದು ನೋಡಿದೀನಿ. ಅಪ್ಪ ಹೋಗಿದ್ದೂ ನೋಡಿದೀನಿ. ಮಕ್ಕಳು ಬೇಕು ಅಂದ್ರೆ ಅದಕ್ಕೂ ಹೆದರ್ಬೇಕು. ಇದು ಬೇಗ ಮುಳುಗಲ್ಲ ಡಾಕ್ಟ್ರೇ. ನಿಧಾನಕ್ಕೆ ಮುಳುಗತ್ತೆ.”

ಅವನು ಕೈಯಲ್ಲಿದ್ದ ಹಸಿರು ಬಿಲ್ಲೆಗಳನ್ನು ಮೇಜಿನ ಮೇಲೆ ಇಟ್ಟ.

“ನಿಮ್ಮಪ್ಪನಿಗಿಂತ ಗಟ್ಟಿ ಅಂತ ನಾನು ಹೇಳಲ್ಲ. ಗೊತ್ತಿಲ್ಲ,” ಎಂದ. “ನೋವಾಗತ್ತೆ. ನಾನಿಲ್ಲೇ ಇರ್ತೀನಿ.”

ಅವಳು ಅವನ ಕೈಗಳನ್ನೇ ಕಾದು ನೋಡಿದಳು. ಎರಡೂ ಮೇಜಿನ ಮೇಲೆ, ಹಸಿರು ಬಿಲ್ಲೆಗಳ ಪಕ್ಕದಲ್ಲಿ, ಅಲುಗದೆ ಇದ್ದವು. ಕಿವಿ ಮಾತ್ರ ಕೆಂಪಗಿತ್ತು.

ಒಳಗಿನಿಂದ ಅಮ್ಮ ಕೂಗಿದಳು. ಅದು ಪದವಲ್ಲ, ಬರೀ ದನಿ. ಊಟದ ಹೊತ್ತು.

ಅವಳು ನುಣ್ಣಗೆ ಅರೆದ ಊಟದ ಬಟ್ಟಲು ತೆಗೆದುಕೊಂಡು ಹೋದಳು. ಮಂಚದ ಪಕ್ಕ ಒಂದೇ ಕುರ್ಚಿ. ಕೂತು ಕೂತು ಅದರ ಹೆಣಿಗೆ ಜೋತಿತ್ತು. ಅವಳು ಕೂರಲಿಲ್ಲ. ಹೊಸ್ತಿಲಲ್ಲಿ ನಿಂತವನ ಕಡೆಗೆ ತಿರುಗಿದಳು.

“ನಿಂತೇ ಇದೀಯಲ್ಲ,” ಎಂದಳು. “ಬಾ. ಕುರ್ಚಿ ನಿನ್ನದು.”

ಎರಡು ವರ್ಷ ‘ನೀವು’ ಎಂದ ಬಾಯಿ ಅದು. ಅವನು ಪರವಾಗಿಲ್ಲ ಎನ್ನಲಿಲ್ಲ, ಒಳಗೆ ಬಂದು ಕೂತ. ಅವಳು ಚಮಚ ಅವನ ಕೈಗೆ ಕೊಟ್ಟು, ಅಮ್ಮನ ಹಾರಾಡುವ ಕೈಗಳೆರಡನ್ನೂ ತನ್ನ ಕೈಗಳೊಳಗೆ ಹಿಡಿದುಕೊಂಡಳು.