ಎಪ್ಪತ್ತಮೂರು ಹೆಚ್ಚಿನ ಉತ್ತರಗಳು

ಪೆಟ್ಟಿಗೆಯಲ್ಲಿ ಸಿಕ್ಕ ಉತ್ತರಗಳು ಇನ್ನೂರ ನಾಲ್ಕು. ಅಂಚೆಯಲ್ಲಿ ಬಂದಿದ್ದ ಲಕೋಟೆಗಳು ನೂರ ಮೂವತ್ತೊಂದು. ಮೂರು ಸಲ ಎಣಿಸಿದ ಪತ್ರಿಕಾ ಮಂಡಳಿಯ ಅಧ್ಯಕ್ಷರು ಕನ್ನಡಕ ತೆಗೆದು ಉಪಸಂಪಾದಕಿಯ ಮುಖ ನೋಡಿದರು.

“ಮಿಕ್ಕ ಎಪ್ಪತ್ತಮೂರು ಎಲ್ಲಿಂದ ಹುಟ್ಟಿದವಮ್ಮಾ, ಮಳೆಗಾಲದ ಅಣಬೆ ಹಾಗೆ?”

ಬಂದ ಪತ್ರಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳುವವಳು ಅವಳೇ, ಪೆಟ್ಟಿಗೆಯ ಸೀಳಿನಲ್ಲಿ ಹಾಕುವವಳೂ ಅವಳೇ. ಪೆಟ್ಟಿಗೆಯಲ್ಲಿದ್ದ ಬಹುಪಾಲು ಉತ್ತರಗಳು ಅವಳ ಯೋಜನೆಯ ಪರವಾಗಿಯೇ ಇದ್ದವು.

ಅವರದು ಅನ್ವಯಿಕ ಮನೋವಿಜ್ಞಾನದ ತ್ರೈಮಾಸಿಕ ಪತ್ರಿಕೆ. ಎಂಟು ತಾಸು ಗಾಡಿ ಓಡಿಸಿದ ಚಾಲಕ ಎಲ್ಲಿ ತಪ್ಪುತ್ತಾನೆ, ರೋಗಿಗೆ ಕೆಟ್ಟ ಸುದ್ದಿಯನ್ನು ದಾದಿ ಹೇಗೆ ಹೇಳಬೇಕು ಎಂಬಂಥ ವಿಷಯಗಳನ್ನು ಕೆಲಸ ಮಾಡುವವರಿಗೆ ಅರ್ಥವಾಗುವ ಮಾತಿನಲ್ಲಿ ಬರೆಯುತ್ತಿದ್ದರು. ಎಲ್ಲರೂ ಮೇಷ್ಟ್ರು ಎಂದು ಕರೆಯುವ ಸಂಪಾದಕರು ಇಪ್ಪತ್ತೆರಡು ವರ್ಷದ ಹಿಂದೆ ಹದಿನಾರು ಪುಟಗಳಲ್ಲಿ ಆರಂಭಿಸಿದ್ದು ಈಗ ತೊಂಬತ್ತಾರು ಪುಟವಾಗಿತ್ತು, ಒಂಬೈನೂರು ಚಂದಾದಾರರಿದ್ದರು. ಮಗು ಬೆಳೆದಿತ್ತು, ಅಂಗಿ ಹಳೆಯದೇ. ಪ್ರತಿ ಲೇಖನವನ್ನೂ ಹೊರಗಿನ ಇಬ್ಬರು ತಜ್ಞರು ಪರೀಕ್ಷಿಸಬೇಕು, ಅಂಕಿಅಂಶದ ಅಧ್ಯಯನಗಳು ಹೆಚ್ಚಬೇಕು ಎಂದು ಉಪಸಂಪಾದಕಿ ಹೇಳುತ್ತಿದ್ದಳು. ಹಳೆಯ ಹಾದಿಯೇ ಸರಿ ಎನ್ನುವವರೂ ಇದ್ದರು. ಓದುಗರನ್ನೇ ಕೇಳೋಣ ಎಂದು ಹೋದ ಸಂಚಿಕೆಯ ಕೊನೆಯ ಪುಟದಲ್ಲಿ ಪ್ರಶ್ನೆಗಳನ್ನು ಅಚ್ಚು ಹಾಕಿಸಿದ್ದರು. ಬರೆಯುವ ಕೆಲಸವಿಲ್ಲ, ಗುರುತು ಹಾಕಿ, ಪುಟ ಹರಿದು ಕಳಿಸಿದರೆ ಸಾಕು.

“ನಾಲ್ಕು ಗಂಟೆಗೆ ಸಭೆ ಸೇರೋಣ. ಅಷ್ಟರಲ್ಲಿ ರಾಜೀನಾಮೆ ಬರೆದಿಡು. ನಾವಾಗಿ ತೆಗೆದರೆ ನಿನಗೆ ಬೇರೆ ಕಡೆ ಕೆಲಸ ಸಿಗಲ್ಲ,” ಎಂದರು ಅಧ್ಯಕ್ಷರು. ಕೆಟ್ಟವರಲ್ಲ, ತಾವು ಹೇಳಿದ್ದು ಉಪಕಾರವೆಂದೇ ನಂಬಿದ್ದರು.

ಹನ್ನೊಂದು ವರ್ಷದ ಕೆಲಸ. ಅವಳು ನೇರವಾಗಿ ಕಟ್ಟುವ ಕೋಣೆಗೆ ಹೋದಳು. ಅಲ್ಲಿ ದಾರದಕ್ಕ ಕೂತಿದ್ದಳು. ಸಂಚಿಕೆಗಳನ್ನು ಮಡಚಿ, ಕಾಗದ ಸುತ್ತಿ, ದಾರ ಕಟ್ಟಿ ಅಂಚೆಗೆ ಕಳಿಸುವ ಹೆಂಗಸು. ಓದಿದ್ದು ಆರನೇ ಇಯತ್ತೆ. ಆದರೆ ಕಚೇರಿಯಲ್ಲಿ ಏನು ಕಳೆದರೂ, ಯಾರು ಮಾತು ಬಿಟ್ಟರೂ, ಕಾರಣ ಹುಡುಕಿಕೊಂಡು ಎಲ್ಲರೂ ಬರುತ್ತಿದ್ದುದು ಅವಳ ಬಳಿಗೇ.

“ಅಳೋದಾದ್ರೆ ಆ ಕಡೆ ಕೂತು ಅಳು ತಾಯಿ, ಲೇಬಲ್ ಒದ್ದೆ ಆಗ್ತವೆ,” ಎಂದಳು ದಾರದಕ್ಕ. ಕತೆಯನ್ನೆಲ್ಲ ಕೇಳಿ ಕೈ ಒರೆಸಿಕೊಂಡು ಎದ್ದಳು. “ಆ ಕಾಗದ ನನಗೊಂದು ಸಲ ತೋರಿಸೋಕೆ ಹೇಳು.”

ಅಧ್ಯಕ್ಷರು ಗೊಣಗುತ್ತಲೇ ಒಪ್ಪಿದರು. ದಾರದಕ್ಕ ಪ್ರಶ್ನೆಗಳನ್ನು ಓದುವ ಗೋಜಿಗೆ ಹೋಗಲಿಲ್ಲ. ಒಂದೊಂದೇ ಹಾಳೆಯ ಮೇಲೆ ಹೆಬ್ಬೆರಳು ಸವರುತ್ತ, ಸೊಪ್ಪು ಸೋಸಿದ ಹಾಗೆ ಎರಡು ಗುಡ್ಡೆ ಮಾಡಿದಳು. ಸಣ್ಣ ಗುಡ್ಡೆಯನ್ನು ಉಪಸಂಪಾದಕಿ ಎಣಿಸಿದಳು. ಸರಿಯಾಗಿ ಎಪ್ಪತ್ತಮೂರು, ಎಲ್ಲವೂ ಹೊಸ ಹಾದಿಯ ಪರ.

ಆಮೇಲೆ ದಾರದಕ್ಕ ಉಪಸಂಪಾದಕಿಯ ಮೇಜಿನ ಹಿಂದಿರುವ ಕೋಣೆಗೆ ಹೋಗಿ, ಹೋದ ಸಂಚಿಕೆಯಲ್ಲಿ ಮುಂದೆ ಕೇಳುವವರಿಗೆಂದು ಇಟ್ಟ ಎಂಬತ್ತು ಪ್ರತಿಗಳನ್ನು ಕಪಾಟಿನಿಂದ ಇಳಿಸಿದಳು. ಆ ಕಪಾಟಿಗೆ ಬೀಗವಿಲ್ಲ. ಎಪ್ಪತ್ತಮೂರು ಪ್ರತಿಗಳಿಗೆ ಕೊನೆಯ ಪುಟವಿರಲಿಲ್ಲ.

“ಇನ್ನೊಂದು ನೋಡಬೇಕು. ಉತ್ತರದ ಹಾಳೇಲಿರೋ ಈ ಪಟ್ಟಿ ಏನು?”

“ಹೋದ ವರ್ಷದ ಇಪ್ಪತ್ತು ಲೇಖನ ಅಕ್ಕಾ. ಇಷ್ಟವಾದ ಮೂರಕ್ಕೆ ಗುರುತು ಹಾಕಬೇಕು.”

“ಮೇಷ್ಟ್ರು ಬರೆದವು ಯಾವು?”

ಅವಳು ನಾಲ್ಕನ್ನು ತೋರಿಸಿದಳು. ದಾರದಕ್ಕ ಎರಡೂ ಗುಡ್ಡೆಗಳನ್ನು ಮೇಲಿಂದ ಕೆಳಗಿನ ತನಕ ನೋಡಿದಳು. ಮುಖದ ನಗು ಆರಿತು.

“ಮೇಷ್ಟ್ರಿಗೆ ನಿನ್ನ ರಾಜೀನಾಮೆ ವಿಷಯ ಗೊತ್ತಾ?”

“ಇಲ್ಲ. ಬೆಳಗ್ಗೆಯಿಂದ ಮುದ್ರಣಾಲಯದಲ್ಲಿದ್ದಾರೆ.”

“ಸರಿ. ಬರಲಿ.”

ನಾಲ್ಕಕ್ಕೆ ಉದ್ದ ಮೇಜಿನ ಸುತ್ತ ಎಲ್ಲರೂ ಕೂತರು. ವಿಷಯ ತಿಳಿದ ಮೇಷ್ಟ್ರು ನೀರಿನ ಲೋಟವನ್ನು ಎತ್ತಿ ಕುಡಿಯದೆ ಕೆಳಗಿಟ್ಟರು. ಅವರು ಬಾಯಿ ತೆರೆಯುವಷ್ಟರಲ್ಲಿ ಅಧ್ಯಕ್ಷರು, “ಹೇಳಮ್ಮಾ ದಾರದಕ್ಕ, ಬೇಗ ಮುಗಿಸು,” ಎಂದರು.

“ನಾನು ಪ್ರತಿ ಸಂಚಿಕೇನೂ ಮೂರು ಮಡಿಕೆ ಮಾಡಿ ಕಟ್ತೀನಿ. ಹಾಗಾಗಿ ಅಂಚೇಲಿ ಹೋಗಿಬಂದ ಪುಟದಲ್ಲಿ ಎರಡು ಅಡ್ಡ ಗೆರೆ ಬಿದ್ದೇ ಬೀಳುತ್ತೆ. ಇಸ್ತ್ರಿ ಮಾಡಿದ್ರೂ ಹೋಗಲ್ಲ. ಈ ಎಪ್ಪತ್ತಮೂರರಲ್ಲಿ ಆ ಗೆರೆ ಇಲ್ಲ. ನನ್ನ ಕೈ ದಾಟದ ಪ್ರತಿಗಳಿಂದ ಹರಿದವು ಇವು. ಕಪಾಟು ನೋಡಿದ್ರೆ ನಿಮಗೇ ಗೊತ್ತಾಗುತ್ತೆ.”

“ಕಪಾಟು ಇವಳ ಮೇಜಿನ ಹಿಂದೆನೇ ಇದೆಯಲ್ಲ!” ಎಂದರು ಅಧ್ಯಕ್ಷರು.

“ಇದೆ ಸ್ವಾಮಿ. ಆದ್ರೆ ಎಷ್ಟು ಬಂದವು ಅಂತ ಬರೆಯೋಳೂ ಇವಳೇ ತಾನೆ? ಕಳ್ಳತನ ಮಾಡಿದ್ರೆ ಪುಸ್ತಕದಲ್ಲೂ ಇನ್ನೂರ ನಾಲ್ಕು ಅಂತ ಗೀಚಿ ಮುಗಿಸ್ತಿರಲಿಲ್ವಾ? ಬೇಲಿ ಹಾರೋಳು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಹೋಗ್ತಾಳಾ? ಇದನ್ನ ಮಾಡಿದವರಿಗೆ ಆ ಪುಸ್ತಕ ಒಂದಿದೆ ಅನ್ನೋದೇ ನೆನಪಿರಲಿಲ್ಲ.”

ದಾರದಕ್ಕ ದನಿ ತಗ್ಗಿಸಿದಳು.

“ಕೊನೇದು. ನಿಜವಾದ ನೂರ ಮೂವತ್ತೊಂದರಲ್ಲಿ ನೂರಕ್ಕೂ ಹೆಚ್ಚು ಜನ ಮೇಷ್ಟ್ರ ಲೇಖನಕ್ಕೆ ಗುರುತು ಹಾಕಿದ್ದಾರೆ. ಹೊಸ ಹಾದಿ ಬೇಕು ಅಂದವರೂ ಹಾಕಿದ್ದಾರೆ. ಈ ಎಪ್ಪತ್ತಮೂರರಲ್ಲಿ ಒಂದೂ ಇಲ್ಲ. ಮೇಷ್ಟ್ರಿಗೆ ಆಗದವರು ಮಾಡಿದ್ರೂ ಕಣ್ಕಟ್ಟಿಗೆ ಹತ್ತು ಕಡೆಯಾದ್ರೂ ಹಾಕಿರೋರು. ಒಂದಕ್ಕೂ ಕೈ ಬಾರದ ಮನುಷ್ಯ ಒಬ್ಬನೇ. ತನ್ನ ಬೆನ್ನು ತಾನೇ ತಟ್ಟಿಕೊಳ್ಳೋಕೆ ನಾಚೋನು.”

ಯಾರೂ ಮೇಷ್ಟ್ರ ಕಡೆ ನೋಡಲಿಲ್ಲ. ಉಪಸಂಪಾದಕಿ ಮಾತ್ರ ನೋಡಿದಳು.

“ನಾನೇ,” ಎಂದರು ಮೇಷ್ಟ್ರು. “ಇವಳ ತಲೆ ಮೇಲೆ ಬರುತ್ತೆ ಅಂತ ಹೊಳೀಲೇ ಇಲ್ಲ. ಮನಸ್ಸಿನ ಶಾಸ್ತ್ರ ಬರೆಯೋನು ನಾನು!”

“ನಿಮಗೆ ಹುಚ್ಚಾ?” ಅಧ್ಯಕ್ಷರ ದನಿ ಒಡೆಯಿತು. “ಇದು ನೀವು ಕಟ್ಟಿದ ಪತ್ರಿಕೆ. ನಿಮ್ಮ ವಿರುದ್ಧ ನೀವೇ ಮತ ಹಾಕ್ಕೊಂಡ್ರಾ?”

“ನನ್ನನ್ನ ಬಿಡಿ ಅಂತ ನಿಮಗೆ ಮೂರು ವರ್ಷದಿಂದ ಹೇಳ್ತಿದ್ದೀನಿ. ಪ್ರತಿ ಸಲ ನೀವು ಶಾಲು ಹೊದಿಸಿ ಕೂರಿಸ್ತೀರಿ. ಓದುಗರು ಹಳೇ ಹಾದೀನೇ ಕೇಳಿದ್ರೆ ನಾನು ಸಾಯೋ ತನಕ ಈ ಕುರ್ಚೀಲಿ. ಹೊಸದು ಗೆದ್ರೆ ಇವಳ ಕೈಗೆ ಕೊಡ್ತೀರಿ ಅಂದ್ಕೊಂಡೆ. ಹೋದ ಎರಡು ಸಂಚಿಕೇಲಿ ಕರಡು ತಿದ್ದಿದ್ದು ನಾನಲ್ಲ. ಓದ್ತೀನಿ, ಪುಟ ತಿರುವಿದ್ರೆ ಮರೀತೀನಿ. ಇವಳು ತಿದ್ದಿ, ನನ್ನ ಹೆಸರಲ್ಲೇ ಕಳಿಸಿದ್ಲು. ಒಂದು ಮಾತೂ ಆಡಲಿಲ್ಲ.”

“ಚಾಲಕರ ದಣಿವು ಕಂಡು ಬರೆದ್ರಿ. ನಿಮ್ಮದನ್ನ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ಮೇಷ್ಟ್ರೇ?” ಎಂದಳು ದಾರದಕ್ಕ.

“ಕೇಳೋರು ಬೇಕಲ್ಲ ತಾಯಿ.”

ಅಧ್ಯಕ್ಷರು ತಲೆ ತಗ್ಗಿಸಿದರು. ಉಪಸಂಪಾದಕಿಯತ್ತ ತಿರುಗಿ, “ತಪ್ಪಾಯ್ತಮ್ಮ,” ಎಂದರು. ಆಮೇಲೆ ನಿಜವಾದ ಉತ್ತರಗಳನ್ನು ಅವರೇ ಎಣಿಸಿದರು. ಹಳೆಯ ಹಾದಿಗೆ ಎಂಬತ್ತು, ಹೊಸದಕ್ಕೆ ಐವತ್ತೊಂದು. “ಓದುಗರು ಹಳೇದನ್ನೇ ಕೇಳಿದ್ದಾರೆ. ಮೇಷ್ಟ್ರು ಹೊರಡ್ತಾರೆ. ಹಳೇ ಹಾದೀಲಿ ಹೊಸ ಸಂಪಾದಕಿಯಾಗಿ ನಡೀತೀಯಾ?”

ಅವಳಿಗೆ ಬೇಕಾದದ್ದು ಸೋತಿತ್ತು, ಬೇಡಿಕೊಳ್ಳದ್ದು ಕೈಗೆ ಬಂದಿತ್ತು. “ಓದುಗರು ಕೇಳಿದ ಹಾಗೇ ಬರೆಸ್ತೀನಿ. ತಜ್ಞರಿಗೆ ತೋರಿಸೋದನ್ನ ಮಾತ್ರ ಬಿಡಲ್ಲ. ಐವತ್ತೊಂದು ಜನಾನೂ ನಮ್ಮೋರೇ,” ಎಂದಳು.

ನಡೆದದ್ದನ್ನು ಓದುಗರಿಗೆ ತಿಳಿಸುವುದು ತಮ್ಮ ಕರ್ತವ್ಯವೆಂದು ಮೇಷ್ಟ್ರು ವಾರದೊಳಗೆ ನಾಲ್ಕು ಪುಟ ಬರೆದು ತಂದರು. ಅವಳು ನಿಂತೇ ಓದಿದಳು. ಮೊದಲ ಪುಟದಲ್ಲಿ ಅವಳ ಕಣ್ಣು ತುಂಬಿತು. ಮೂರನೆಯದರ ಹೊತ್ತಿಗೆ ಹುಬ್ಬು ಗಂಟಿಕ್ಕಿತು.

“ಸರ್, ಕ್ಷಮೆ ಕೇಳಿದ್ದು ಎರಡು ಸಲ ಆಯ್ತು. ಒಂದು ಪುಟ ಕಡಿಮೆ ಮಾಡಿ ಕೊಡಿ.”

ಮೇಷ್ಟ್ರು ಹಾಳೆಗಳನ್ನು ವಾಪಸು ತೆಗೆದುಕೊಂಡರು. ವರ್ಷಗಳಿಂದ ಬಾಗಿದ್ದ ಬೆನ್ನು ಸ್ವಲ್ಪ ನೆಟ್ಟಗಾಯಿತು.

“ಯಾವಾಗ ಬೇಕು?” ಎಂದು ಕೇಳಿದರು.