ವಾರ್ಸಾ–ಲಿಸ್ಬನ್, ಇಪ್ಪತ್ತೈದು ನಿಮಿಷ

ದಾಕ್ಷಾಯಿಣಿಯ ಮನೆಬಾಗಿಲಿಗೆ ಗಟ್ಟಿ ಚಿಲಕವಿರಲಿಲ್ಲ. ಹಾಕಿಸಬೇಕೆಂದು ಅವಳಿಗೆ ಅನ್ನಿಸಿರಲೂ ಇಲ್ಲ. ಅವಳು ಬಿಟ್ಟು ಬಂದ ಗಂಡ ಮಹಾಂತೇಶ ವಾರ್ಸಾದಲ್ಲಿದ್ದ. ಅವಳು ಎಂಟು ವರ್ಷದ ಮಗಳೊಡನೆ ಲಿಸ್ಬನ್ನಿನಲ್ಲಿದ್ದಳು. ನಡುವೆ ಎರಡು ಸಾವಿರದ ಏಳುನೂರು ಕಿಲೋಮೀಟರ್, ವಿಮಾನದಲ್ಲಿ ನಾಲ್ಕು ಗಂಟೆ. ಅಷ್ಟು ದಪ್ಪದ ಬಾಗಿಲನ್ನು ಯಾವ ಬಡಗಿಯೂ ಮಾಡಿಕೊಡಲಾರ.

2061ರ ಆ ಮಧ್ಯಾಹ್ನ ಪ್ರಯೋಗಾಲಯದ ಪರದೆಯ ಮೇಲೆ, ಪ್ರಯಾಣಿಕರನ್ನು ಹೊತ್ತ ಮೊದಲ ಜಾರುವಿಮಾನ ವಾರ್ಸಾದಿಂದ ಮೇಲೇರಿತು. ಅದರ ಮೂತಿಯಿಂದ ಚಿಮ್ಮುವ ವಿದ್ಯುತ್ತು ಎದುರಿನ ಗಾಳಿಯನ್ನು ಪ್ಲಾಸ್ಮಾ ಎಂಬ ಹೊಳೆಯುವ ಅನಿಲದ ಪೊರೆಯಾಗಿಸುತ್ತದೆ. ಆ ಪೊರೆಯೊಳಗೆ ವಿಮಾನ ತಡೆಯಿಲ್ಲದೆ ಜಾರುತ್ತದೆ. ಇದನ್ನು ಕಂಡುಹಿಡಿದವರು ಹುಬ್ಬಳ್ಳಿಯ ಇಮ್ತಿಯಾಜ್ ನದಾಫ್. ಅದರ ರೆಕ್ಕೆಗಳಿಗೆ ಕಾವು ತಡೆಯುವ ಲೇಪ ಬಳಿದವಳು ದಾಕ್ಷಾಯಿಣಿ.

"ಇಪ್ಪತ್ತೈದು ನಿಮಿಷಕ್ಕ ಇಲ್ಲಿರ್ತೈತಿ ನೋಡವಾ! ನಮ್ಮೂರಾಗ ಹಳೇ ಬಸ್‌ಸ್ಟ್ಯಾಂಡ್ ದಾಟಾಕ ಇದಕ್ಕಿಂತ ಹೆಚ್ಚು ಹೊತ್ತು ಹಿಡಿತೈತಿ," ಎಂದು ನದಾಫ್ ನಕ್ಕರು.

ಆಗಲೇ ಅವಳ ಕೈಪಟ್ಟಿಯ ಗಂಟೆ ಬಡಿದುಕೊಂಡಿತು. ಹೆಂಡತಿ, ಮಗಳ ಹತ್ತಿರ ಸುಳಿಯದಂತೆ ಮಹಾಂತೇಶನ ಕಾಲಿಗೆ ಕೋರ್ಟು ಒಂದು ಪಟ್ಟಿ ಹಾಕಿಸಿತ್ತು. ಅವನು ವಾರ್ಸಾದ ಗಡಿ ದಾಟಿದರೆ ತಾಯಿ, ಮಗಳು ಇಬ್ಬರ ಕೈಯಲ್ಲೂ ಗಂಟೆ ಬಡಿಯುತ್ತಿತ್ತು; ಆ ಕೈಪಟ್ಟಿಗೆ ಬೇರೆ ಮಾತು ಬರುತ್ತಿರಲಿಲ್ಲ.

"ಸರ್, ಅಂವ ಇದರಾಗ ಅದಾನ್ರಿ. ಹೊಳ್ಳಿಸ್ರಿ."

"ಹೆಂಗ ಹೊಳ್ಳಸ್ಲಿ? ಈಗಷ್ಟ ಪೊರಿ ಕಟ್ಟೇತಿ. ಅದರೊಳಗ ರೇಡಿಯೊ ಹೋಗೂದಿಲ್ಲ, ನಿನಗ ಗೊತ್ತೈತಲ್ಲ."

ಅವಳು ಕೋರ್ಟು ನೇಮಿಸಿದ್ದ ಕಾವಲು ಕೇಂದ್ರಕ್ಕೆ ಫೋನು ಮಾಡಿದಳು.

"ವಾರ್ಸಾದಿಂದಲೇ? ಗಾಬರಿ ಬೇಡ ಮೇಡಂ. ಎರಡು ಗಂಟೆಯೊಳಗೆ ನಮ್ಮವರು ವಿಮಾನ ನಿಲ್ದಾಣದಲ್ಲಿರುತ್ತಾರೆ."

"ಅವನು ಇಪ್ಪತ್ತೈದು ನಿಮಿಷದಲ್ಲಿ ಇಳಿಯುತ್ತಾನೆ!"

"ನಮ್ಮ ಕೋಷ್ಟಕದಲ್ಲಿ ನಾಲ್ಕು ಗಂಟೆ ಎಂದಿದೆ."

ಶಾಲೆಗೆ ಫೋನು ಮಾಡಿದಳು. "ಆಗಲೇ ಹೊರಟಳಲ್ಲ. ನೀವೇ ಕಲಿಸಿದ್ದಲ್ಲವೇ?" ಎಂದರು ಟೀಚರ್.

ಅವಳೇ ಕಲಿಸಿದ್ದಳು. ಗಂಟೆ ಬಡಿದರೆ ಮನೆಗೆ ಓಡು, ಅವ್ವ ಬರುವ ತನಕ ಎಲ್ಲಿಗೂ ಹೋಗಬೇಡ. ಭಾನುವಾರ ಬಂತೆಂದರೆ ಅದೇ ತಾಲೀಮು. "ಎಷ್ಟ್ ಸಲ ಓಡಸ್ತೀ ಅವ್ವಾ, ಅಪ್ಪ ಬರೂದ ಇಲ್ಲ," ಎಂದು ಮಗಳು ಗೊಣಗುತ್ತಿದ್ದಳು. ನಾಲ್ಕು ಗಂಟೆಯ ಲೆಕ್ಕಕ್ಕೆ ಆ ಉಪಾಯದಲ್ಲಿ ಯಾವ ತಪ್ಪೂ ಇರಲಿಲ್ಲ.

ಪ್ರಯೋಗಾಲಯದಿಂದ ಮನೆಗೆ ಒಂದು ಗಂಟೆಯ ದಾರಿ. ವಿಮಾನ ನಿಲ್ದಾಣದಿಂದ ಹತ್ತೇ ನಿಮಿಷ. ನದಾಫರೇ ಕಾರು ಓಡಿಸಿದರು. ಸೇತುವೆಯ ಮೇಲೆ ವಾಹನಗಳು ಸಾಲುಗಟ್ಟಿ ನಿಂತಿದ್ದವು. ನದಿಯಾಚೆ ಆಕಾಶದಲ್ಲಿ ನೇರಳೆ ಗೆರೆಯೊಂದು ಇಳಿಯುತ್ತಿತ್ತು. ಜನ ಕಾರುಗಳಿಂದಿಳಿದು ಚಪ್ಪಾಳೆ ತಟ್ಟಿದರು. ಆ ನೇರಳೆ ತನ್ನ ಲೇಪದ್ದೆಂದು ದಾಕ್ಷಾಯಿಣಿಗೆ ಗೊತ್ತಿತ್ತು.

"ಮಂದೀದು ಹೊತ್ತು ಉಳಸಬೇಕು ಅಂತ ಮಾಡಿದ್ನೆವಾ," ಎಂದರು ನದಾಫ್.

"ಉಳದೈತಲ್ರಿ ಸರ್. ಅಂವಗ."

ಅವರು ಮನೆ ಮುಟ್ಟಿದಾಗ ಬಾಗಿಲು ತೆರೆದಿತ್ತು. ಕತ್ತರಿಸಿದ ಕಾಲುಪಟ್ಟಿ ಮೆಟ್ಟಿಲ ಮೇಲೆ ಬಿದ್ದಿತ್ತು. ಒಳಗೆ ಒಂದು ಕುರ್ಚಿಯನ್ನು ಬಾಗಿಲ ಕಡೆಗೆ ಎಳೆದ ಗುರುತು ನೆಲದ ಮೇಲಿತ್ತು. ಅದು ಅರ್ಧಕ್ಕೇ ನಿಂತಿತ್ತು. ಮಗಳಿರಲಿಲ್ಲ.

ಕಾವಲಿನವರು ಹೇಳಿದ ಹೊತ್ತಿಗೆ ಸರಿಯಾಗಿ ನಿಲ್ದಾಣ ತಲುಪಿದರು. ಯಾರೂ ತಡಮಾಡಲಿಲ್ಲ. ಮರುದಿನ ಕೋಷ್ಟಕವನ್ನು ತಿದ್ದಲಾಯಿತು. ಆ ವರ್ಷ ನದಾಫರಿಗೆ ದೊಡ್ಡ ಬಹುಮಾನವೂ ಬಂತು. ದೂರವನ್ನೇ ಗೋಡೆಯೆಂದು ನಂಬಿ ಬದುಕುವವರು ಎಲ್ಲ ಕಾಲದಲ್ಲೂ ಇರುತ್ತಾರೆ. ಗೋಡೆ ಕೆಡವುವಾಗ ಅದರ ಹಿಂದೆ ಯಾರಿದ್ದಾರೆಂದು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ಕಳೆದದ್ದು ಇಷ್ಟು: ಮೂರು ಗಂಟೆ ಮೂವತ್ತೈದು ನಿಮಿಷ, ಚಿಲಕದ ಎರಡು ಸ್ಕ್ರೂ, ಒಂದು ಮಗು.