ಆರನೇ ಗಂಟೆಯ ನಾಲಿಗೆ

"ನಿಲ್ಲಿಸ್ತೀರಾ ಇದನ್ನ...!"

ಬ್ರಯೋನಿ ತಳ್ಳಿದ ರಭಸಕ್ಕೆ ಬಾಗಿಲು ಕಲ್ಲಿನ ಗೋಡೆಗೆ ಬಡಿದು ವಾಪಸ್ ಬಂತು. ಚರ್ಚಿನ ಗೋಪುರದ ಐವತ್ತೆರಡು ಸುರುಳಿ ಮೆಟ್ಟಿಲುಗಳನ್ನು ಮನೆಯ ಚಪ್ಪಲಿಯಲ್ಲೇ ಹತ್ತಿ ಬಂದಿದ್ದಳು. ಏದುಸಿರು ಬಿಡುತ್ತಿದ್ದರೂ ಕೋಪಕ್ಕೇನೂ ಕೊರತೆ ಇರಲಿಲ್ಲ.

ಐದು ಜನ ಐದು ಹಗ್ಗ ಹಿಡಿದು ಸುತ್ತಲೂ ನಿಂತಿದ್ದರು. ಮೇಲಿನ ಅಂತಸ್ತಿನಲ್ಲಿ ಟನ್‌ಗಟ್ಟಲೆ ತೂಕದ ಕಂಚಿನ ಗಂಟೆಗಳು ತಲೆಕೆಳಗಾಗಿ ತಿರುಗುತ್ತಿದ್ದವು. ಅದೇನೂ ಗೊತ್ತಿಲ್ಲದ ನಮ್ಮ ಬ್ರಯೋನಿ ನೇರವಾಗಿ ಹಗ್ಗಗಳ ನಡುವೆ ನುಗ್ಗಿದಳು.

"ಏಯ್, ಅಲ್ಲೇ ನಿಲ್ಲು! ಇನ್ನೊಂದು ಹೆಜ್ಜೆ ಇಟ್ರೆ ಹಗ್ಗ ಕುತ್ತಿಗೆಗೆ ಸುತ್ಕೊಳ್ಳುತ್ತೆ!"

ಗದರಿದವನಿಗೆ ಇಪ್ಪತ್ತೆಂಟು ವರ್ಷ ಇದ್ದೀತು. ಎಲ್ಲಕ್ಕಿಂತ ದಪ್ಪ ಹಗ್ಗ ಅವನ ಕೈಯಲ್ಲಿತ್ತು. ಅವನು "ನಿಲ್ಸಿ" ಎಂದೊಡನೆ ಗಂಟೆಗಳು ಒಂದರ ಹಿಂದೊಂದು ಮೌನವಾದವು.

"ಈಗ ಹೇಳು. ಎಲ್ಲಿ ಬೆಂಕಿ ಬಿದ್ದಿದೆ?"

"ನನ್ನ ತಲೆಗೆ ಬಿದ್ದಿದೆ! ನಾನು ಎದುರುಗಡೆ ಮನೇಲಿರೋದು. ಪ್ರತಿ ಮಂಗಳವಾರ ಸಂಜೆ ಏಳೂವರೆಗೆ ಶುರು ಹಚ್ಕೊಳ್ತೀರ. ಫೋನಲ್ಲಿ ಒಂದು ಮಾತು ಕೇಳ್ಸಲ್ಲ. ಕೆಲಸ ಮಾಡೋದು ಬೇಡ್ವಾ ನಾನು?"

"ಸಂಜೆ ಏಳೂವರೆಗೆ ಎಂಥ ಕೆಲಸ?"

"ಕೆಲಸ ಅಂದ್ರೆ ಕೆಲಸ! ವಯಸ್ಸಿಗೆ ಬಂದಮೇಲೂ ಹಗ್ಗ ಎಳ್ಕೊಂಡು ಕೂತಿರೋರಿಗೆ ಎಲ್ಲಿ ಅರ್ಥ ಆಗ್ಬೇಕು!"

"ಕೂತಿಲ್ಲ ಚಿನ್ನ, ನಿಂತಿದೀವಿ," ಎಂದಳು ಮೂಲೆಯಲ್ಲಿದ್ದ ಬಿಳಿಕೂದಲಿನ ಡೊರೀನ್. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತಳಾದವಳು ಅವಳು. ಎಲ್ಲರೂ ನಕ್ಕರು.

ದಪ್ಪ ಹಗ್ಗದವನು ಮಾತ್ರ ನಗಲಿಲ್ಲ. "ನಾನು ನೆಡ್. ಬೆಳಿಗ್ಗೆ ಆರಕ್ಕೆದ್ದು ಊರೋರ ಕೊಳಾಯಿ ರಿಪೇರಿ ಮಾಡ್ತೀನಿ. ಕೆಲಸ ನಂಗೂ ಇದೆ. ಸಂಜೆನೂ ಇದೆ. ನೀನು ಕೆಲಸ ಮುಗಿದ್ಮೇಲೆ ಏನ್ ಮಾಡ್ತೀಯ?"

"ಏನೋ ಮಾಡ್ತೀನಿ. ನಿಂಗ್ಯಾಕೆ?"

"ಏನು? ಒಂದೇ ಒಂದು ಹೇಳು, ಸಾಕು."

ಬ್ರಯೋನಿ ಮನಸ್ಸಿನಲ್ಲೇ ಹುಡುಕಿದಳು.

ಹತ್ತನೇ ವಯಸ್ಸಿನಲ್ಲಿ ಈಜುತ್ತಿದ್ದಳು. ಹದಿನೈದರಲ್ಲಿ ಕುದುರೆಗಳ ಚಿತ್ರ ಬಿಡಿಸುತ್ತಿದ್ದಳು. ಆಮೇಲೆ...? ಕೆಲಸದ ಅರ್ಜಿಯಲ್ಲಿ 'ಹವ್ಯಾಸಗಳು' ಎಂಬ ಚೌಕದಲ್ಲಿ 'ಓದು, ಪ್ರವಾಸ' ಎಂದು ಬರೆದಿದ್ದಳು. ಎರಡೂ ಹಸಿ ಸುಳ್ಳು. ಈಗ ಇಪ್ಪತ್ತಾರು ವರ್ಷ. ಊರಾಚೆಯ ದೊಡ್ಡ ಹೋಟೆಲಿನಲ್ಲಿ ಮದುವೆಗಳ ಉಸ್ತುವಾರಿ ಅವಳದು. ಬೇರೆಯವರ ಮದುವೆ, ಬೇರೆಯವರ ಹೂವು, ಬೇರೆಯವರ ಕೇಕು... ಅದರಾಚೆ ಅವಳಿಗೆ ಏನೂ ಇರಲಿಲ್ಲ.

"ಪಾಪ," ಎಂದಳು ಡೊರೀನ್.

ಆ ಒಂದು ಪದಕ್ಕೆ ಬ್ರಯೋನಿಯ ಮೈಯೆಲ್ಲ ಉರಿದುಹೋಯಿತು. ಬಂದ ದಾರಿಯಲ್ಲೇ ಮೆಟ್ಟಿಲಿಳಿದಳು.

ಮುಂದಿನ ಮಂಗಳವಾರ ಅವಳು ಮತ್ತೆ ಬಂದಳು. ಗಂಟೆಯ ಮೇಲಿನ ಪ್ರೀತಿಯಿಂದೇನಲ್ಲ, ಆ ಕೊಳಾಯಿಯವನ ಬಾಯಿ ಮುಚ್ಚಿಸಬೇಕೆಂಬ ಹಠ ಅಷ್ಟೇ.

"ಇನ್ನೊಂದು ಹಗ್ಗ ಖಾಲಿ ಇದೆ ಅಲ್ವಾ? ಕಲಿಸು. ಒಂದು ತಿಂಗಳಲ್ಲಿ ನಿನಗಿಂತ ಚೆನ್ನಾಗಿ ಬಾರಿಸ್ತೀನಿ."

ಒಂದು ತಿಂಗಳಾಯಿತು, ಎರಡಾಯಿತು. ಮೂರನೇ ಗಂಟೆ ಅವಳ ಪಾಲಿಗೆ ಬಂದಿತ್ತು. ಅದೋ, ಅವಳ ಮಾತು ಕೇಳಲೇ ಇಲ್ಲ! ಹಗ್ಗ ಕೈ ಜಾರಿತು, ಅಂಗೈ ಸುಲಿಯಿತು.

"ಎಳೀಬೇಡ, ಬಿಡು! ಅದೇ ಮೇಲೆ ಹೋಗುತ್ತೆ, ಬಿಡು ಅಂದ್ನಲ್ಲ!"

"ಬಿಟ್ಟೆ!"

"ಎಲ್ಲಿ ಬಿಟ್ಟೆ? ಶತ್ರು ಕುತ್ತಿಗೆ ಹಿಸುಕೋ ಹಾಗೆ ಹಿಡ್ಕೊಂಡಿದೀಯ!"

"ನಿನ್ ಕುತ್ತಿಗೆ ಅಂದ್ಕೊಂಡೆ!"

ಹೀಗೆ ಜಗಳವಾಡುತ್ತಲೇ ಬೇಸಿಗೆ ಬಂತು. ಅಭ್ಯಾಸ ಮುಗಿದ ಮೇಲೆ ಎದುರಿನ ಪಬ್ಬಿನಲ್ಲಿ ಎಲ್ಲರೂ ಸೈಡರ್ ಎಂಬ ಸೇಬಿನ ಮದ್ಯ ಕುಡಿಯುತ್ತ ಕೂರುವರು. ಅವಳ ತಪ್ಪುಗಳನ್ನು ಡೊರೀನ್ ಅಭಿನಯಿಸಿ ತೋರಿಸುವಳು. ಬ್ರಯೋನಿ ಹೊಟ್ಟೆ ಹಿಡಿದುಕೊಂಡು ನಗುವಳು.

ಒಂದು ಸಂಜೆ ಅವಳಿಗೇ ಆಶ್ಚರ್ಯವಾಯಿತು. ಹೋಟೆಲಿನಲ್ಲಿ ಮೇಜಿನ ಮೇಲೆ ಒಂದು ನ್ಯಾಪ್‌ಕಿನ್ ಸೊಟ್ಟಗಿದ್ದರೂ ಮ್ಯಾನೇಜರ್ ಮಿಸ್ ಕ್ರೇಲ್ ಎಲ್ಲರೆದುರು ಬಯ್ಯುತ್ತಾಳೆ. ಇಲ್ಲಿ ನಾಲ್ಕು ತಿಂಗಳಿಂದ ಕೆಟ್ಟದಾಗಿ ಬಾರಿಸುತ್ತಿದ್ದಾಳೆ, ಆದರೂ ಮುಂದಿನ ವಾರ ಬಾ ಎನ್ನುತ್ತಾರೆ! ಕೆಟ್ಟದಾಗಿ ಮಾಡುತ್ತಲೂ ಖುಷಿಯಾಗಿರಬಹುದಾದ ಜಾಗ ಅವಳ ಬದುಕಿನಲ್ಲಿ ಇದೊಂದೇ ಇತ್ತು.

ಮತ್ತೆ ನೆಡ್... ಅವನು ಗದರುವಾಗ ಹುಬ್ಬು ಗಂಟಿಕ್ಕುತ್ತಿದ್ದ ರೀತಿ. ಸುಲಿದ ಅಂಗೈಗೆ ತನ್ನ ಜೇಬಿನ ಮುಲಾಮು ಹಚ್ಚುತ್ತ "ಹಠಮಾರಿ" ಎಂದು ಗೊಣಗಿದ ರೀತಿ...

'ಛೇ! ಇವನನ್ನ ಯಾಕೆ ನೆನಸ್ಕೋತಿದೀನಿ ನಾನು?'

ಅಕ್ಟೋಬರಿನ ಒಂದು ಶುಕ್ರವಾರ ಊರಿನ ಹಳೆಯ ಡಾಕ್ಟರರ ಅಂತ್ಯಕ್ರಿಯೆ ನಡೆಯಿತು. ಸಾವಿಗೆ ಬಾರಿಸುವಾಗ ಪ್ರತಿ ಗಂಟೆಯ ನಾಲಿಗೆಯ ಒಂದು ಬದಿಗೆ ಚರ್ಮದ ಪಟ್ಟಿ ಕಟ್ಟುತ್ತಾರೆ. ಒಂದು ಹೊಡೆತ ಸ್ಪಷ್ಟವಾಗಿ ಕೇಳಿದರೆ, ಮರುಹೊಡೆತ ಬಟ್ಟೆಯೊಳಗೆ ಅತ್ತ ಹಾಗೆ ಮಂಕಾಗಿ ಕೇಳುತ್ತದೆ. ಮರುದಿನ ಅದೇ ಚರ್ಚಿನಲ್ಲಿ ಮದುವೆ. ಬ್ರಯೋನಿಯ ಕೈಗೆ ಬಂದ ಅತಿ ದೊಡ್ಡ ಮದುವೆ! ಇದು ಸುಸೂತ್ರವಾಗಿ ನಡೆದರೆ ವಸಂತಕ್ಕೆ ಬಡ್ತಿ ಎಂದಿದ್ದಳು ಮಿಸ್ ಕ್ರೇಲ್.

"ಪಟ್ಟಿಗಳನ್ನ ನಾನೇ ತೆಗೀತೀನಿ," ಎಂದಳು ಬ್ರಯೋನಿ.

"ಐದು ತೆಗಿ ಸಾಕು. ಆರನೇದರ ಬಕಲ್ ತುಕ್ಕು ಹಿಡಿದಿದೆ. ಅದನ್ನ ಬೆಳಿಗ್ಗೆ ಬಂದು ನಾನೇ ತೆಗೀತೀನಿ," ಎಂದು ಹೇಳಿ ನೆಡ್ ಒಡೆದ ಪೈಪು ನೋಡಲು ಓಡಿದ್ದ.

ಶನಿವಾರ ಮಧ್ಯಾಹ್ನ ಮದುಮಕ್ಕಳು ಕೈ ಹಿಡಿದು ಚರ್ಚಿನ ಬಾಗಿಲಿಗೆ ಬಂದರು. ಬ್ರಯೋನಿ ಕೆಳಗೇ ನಿಂತಿದ್ದಳು. ಮೇಲೆ ಅವಳ ಹಗ್ಗವನ್ನು ಪಕ್ಕದೂರಿನವರೊಬ್ಬರು ಹಿಡಿದಿದ್ದರು.

ಗಂಟೆಗಳು ಶುರುವಾದವು. ಒಂದು, ಎರಡು, ಮೂರು, ನಾಲ್ಕು, ಐದು... ಹೊಳೆಯುವಂಥ ನಾದ.

ಆರನೆಯದು — ಧುಪ್.

ಅತಿಥಿಗಳು ಮೇಲೆ ನೋಡಿದರು. ಮತ್ತೆ ಐದು ಗಂಟೆ ನಕ್ಕವು. ಆರನೆಯದು ಈ ಸಲ ಸರಿಯಾಗಿ ಮೊಳಗಿತು. ಬ್ರಯೋನಿ ಉಸಿರು ಬಿಡುವಷ್ಟರಲ್ಲಿ ಮತ್ತೆ — ಧುಪ್!

"ಇದು ಸಾವಿನ ಗಂಟೆ ಅಲ್ವಾ...?" ಮದುಮಗಳ ಅಜ್ಜಿಯ ಧ್ವನಿ ನಡುಗಿತು. ಮದುಮಗಳು ಎಲ್ಲರೆದುರು ಬಿಕ್ಕಿ ಬಿಕ್ಕಿ ಅತ್ತಳು.

ಏನೋ ಎಡವಟ್ಟಾಗಿದೆಯೆಂದು ಗೊತ್ತಾಗಿ ನೆಡ್ ಗಂಟೆ ನಿಲ್ಲಿಸಿ ಕೆಳಗೆ ಓಡಿ ಬಂದ. ಮಿಸ್ ಕ್ರೇಲಳ ಮುಖ ಸುಣ್ಣದಂತಾಗಿತ್ತು. "ಯಾರು ಇದಕ್ಕೆ ಹೊಣೆ? ಬ್ರಯೋನಿ, ನೀನಾ?"

ಬ್ರಯೋನಿ ತಿರುಗಿ ನೆಡ್‌ನ ಮೇಲೆ ಎರಗಿದಳು.

"ಆರನೇದು ನಾನೇ ತೆಗೀತೀನಿ ಅಂದಿದ್ಯಲ್ಲ! ಅಂದಿದ್ಯೋ ಇಲ್ವೋ?"

ನೆಡ್‌ನ ಕೈ ಜೇಬಿನೊಳಗೆ ಹೋಯಿತು. ಅವನು ಬ್ರಯೋನಿಯನ್ನು ನೋಡಿದ, ಮಿಸ್ ಕ್ರೇಲಳನ್ನು ನೋಡಿದ. ಕೈ ಖಾಲಿಯಾಗಿಯೇ ಹೊರಗೆ ಬಂತು.

"ಹೌದು. ನಂದೇ ತಪ್ಪು," ಎಂದ. ಮದುಮಗಳ ಬಳಿ ಹೋಗಿ ತಲೆತಗ್ಗಿಸಿ ಕ್ಷಮೆ ಕೇಳಿದ.

ಅಷ್ಟಕ್ಕೆ ಬಿಡಬಾರದಿತ್ತೇ ಬ್ರಯೋನಿ? ಬಿಡಲಿಲ್ಲ.

"ನಿಂಗೇನು ಹೋಗೋದಿದೆ? ಇದು ನಿಂಗೆ ಆಟ! ಹೊತ್ತು ಹೋಗ್ದೆ ಇರೋರ ಆಟ! ನಂಗೆ ಇದು ಜೀವನ, ಗೊತ್ತಾ? ನಿನ್ನ ಹಾಳು ಹಗ್ಗ ಮುಟ್ಟಿದ್ದೇ ನನ್ನ ತಪ್ಪು!"

ತಪ್ಪು ಒಪ್ಪಿಕೊಳ್ಳುವಾಗ ಅಳುಕದವನ ಮುಖ ಈ ಮಾತಿಗೆ ಬಿಳಿಚಿಕೊಂಡಿತು. "ಆಟ ಅಂತೀಯ? ಸರಿ. ಇನ್ಮೇಲೆ ಬರ್ಬೇಡ," ಎಂದವನೇ ನಡೆದುಬಿಟ್ಟ.

ಮಂಗಳವಾರ ಏಳೂವರೆಗೆ ಬ್ರಯೋನಿ ಕಿಟಕಿ ಮುಚ್ಚಿದಳು. ಆದರೂ ಕೇಳಿಸಿತು. ಒಂದು, ಎರಡು, ಆಮೇಲೆ ಒಂದು ಖಾಲಿ ಜಾಗ, ನಾಲ್ಕು, ಐದು, ಆರು. ಮೂರನೆಯದರ ಜಾಗವನ್ನು ಯಾರೂ ತುಂಬಿರಲಿಲ್ಲ. ಆ ಖಾಲಿ ಬಂದಾಗಲೆಲ್ಲ ಅವಳ ಕೈ ತಾನಾಗಿ ಮೇಲೆದ್ದು ಕೆಳಗಿಳಿಯಿತು.

ಫೋನಿನಲ್ಲಿ ಮಿಸ್ ಕ್ರೇಲ್ ಮಾತಾಡುತ್ತಲೇ ಇದ್ದಳು. ನವೆಂಬರಿನ ಮದುವೆ, ಮೇಜಿನ ಬಟ್ಟೆಯ ಬಣ್ಣ... ಬ್ರಯೋನಿ "ಹೂಂ" ಎನ್ನುತ್ತಿದ್ದಳು. ಕಣ್ಣೀರು ಸುರಿಯುತ್ತಿತ್ತು.

ಮರುವಾರ ಮಂಗಳವಾರ ಸಂಜೆ ಹೂವಿನವರ ಹಳೆಯ ಸಂದೇಶವೊಂದನ್ನು ಹುಡುಕಬೇಕಾಗಿ ಬಂತು. ಮದುವೆಯ ಹಿಂದಿನ ದಿನ ಅವಳು ಕಳಿಸಿದ್ದು ಎಂಬತ್ತೋ ತೊಂಬತ್ತೋ ಸಂದೇಶ. ಕೇಕಿನವರಿಗೆ, ಕಾರಿನವರಿಗೆ, ಫೋಟೋದವರಿಗೆ... ನಡುವೆ ಒಂದು, ನೆಡ್‌ಗೆ.

'ಆರೂ ತೆಗ್ದೆ. ಬೆಳಿಗ್ಗೆ ನೀನು ಬರೋದು ಬೇಡ.'

ಬ್ರಯೋನಿ ಅದನ್ನು ಮತ್ತೊಮ್ಮೆ ಓದಿದಳು.

ಈಗ ಎಲ್ಲ ನೆನಪಾಯಿತು. ಗಂಟೆಗಳ ನಡುವೆ ಮಂಡಿಯೂರಿದ್ದಳು. ಕಿವಿಗೆ ಫೋನ್ ಒತ್ತಿಕೊಂಡಿದ್ದಳು, ಆ ಕಡೆ ಮಿಸ್ ಕ್ರೇಲ್ ಕೂಗಾಡುತ್ತಿದ್ದಳು. ಐದನೇ ಪಟ್ಟಿ ಕೈಗೆ ಬಂದಾಗ 'ಎಲ್ಲಾ ನಾನೇ ಮುಗಿಸಿದೆ ಅಂತ ತೋರಿಸ್ತೀನಿ ಇವನಿಗೆ' ಎಂದುಕೊಂಡು, ಆರನೆಯದು ಇನ್ನೇನು ಬಿಚ್ಚೇಬಿಡುತ್ತೇನಲ್ಲ ಎಂಬ ಧೈರ್ಯದಲ್ಲಿ ಮಾತಿನ ನಡುವೆಯೇ ಸಂದೇಶ ಕಳಿಸಿದ್ದಳು. ಅಷ್ಟರಲ್ಲಿ "ಈಗಲೇ ಹೋಟೆಲಿಗೆ ಬಾ" ಎಂದಿದ್ದಳು ಮಿಸ್ ಕ್ರೇಲ್. ಇವಳು ಓಡಿದ್ದಳು.

ಆ ಸಂದೇಶ ಅವತ್ತು ನೆಡ್‌ನ ಜೇಬಿನ ಫೋನಿನಲ್ಲೇ ಇತ್ತು! ತೆಗೆದು ತೋರಿಸಿದ್ದರೆ ಸಾಕಿತ್ತು. ತೋರಿಸಲಿಲ್ಲ...

ಅವಳಿಗೆ ಮೊದಲು ನಾಚಿಕೆಯಾಯಿತು. ಆಮೇಲೆ ಕೋಪ ಬಂತು, ಅದೂ ಎಂಥ ಕೋಪ! ಮೊದಲು ಮಿಸ್ ಕ್ರೇಲಳಿಗೆ ಫೋನ್ ಮಾಡಿ ನಾಲ್ಕು ಮಾತಿನಲ್ಲಿ ಮುಗಿಸಿದಳು. ಚಪ್ಪಲಿ ಮೆಟ್ಟಿ ರಸ್ತೆ ದಾಟಿ ಐವತ್ತೆರಡು ಮೆಟ್ಟಿಲು ಹತ್ತಿದಳು.

ಅಭ್ಯಾಸ ಇನ್ನೂ ಶುರುವಾಗಿರಲಿಲ್ಲ. ನೆಡ್ ಹಗ್ಗಗಳನ್ನು ಬಿಚ್ಚುತ್ತಿದ್ದ. ಡೊರೀನ್ ಕೋಟು ತೆಗೆಯುತ್ತಿದ್ದಳು.

"ನಾಚಿಕೆ ಆಗಲ್ವಾ ನಿಂಗೆ?" ಬ್ರಯೋನಿ ಫೋನನ್ನು ಅವನ ಮುಖದೆದುರು ಹಿಡಿದಳು.

ನೆಡ್ ಅದನ್ನು ಓದಿ ಮುಖ ತಿರುಗಿಸಿದ. "ಮುಗಿದ ವಿಷಯ. ಹೋಗು."

"ಹೋಗಲ್ಲ! ತಪ್ಪು ನಂದು ಅಂತ ನಿಂಗೆ ಗೊತ್ತಿತ್ತು!"

"ಗೊತ್ತಿತ್ತು."

"ಮತ್ಯಾಕೆ ಬಾಯಿ ಮುಚ್ಕೊಂಡಿದ್ದೆ? ನನ್ನ ತಪ್ಪನ್ನ ತಲೆ ಮೇಲೆ ಹೊತ್ಕೊಳ್ಳೋಕೆ ನೀನ್ಯಾರು?"

"ಆ ಹೆಂಗಸು ನಿನ್ನ ಅಲ್ಲೇ ಕೆಲಸದಿಂದ ತೆಗ್ದು ಹಾಕ್ತಿದ್ಲು! ಕೆಲಸ ಒಂದೇ ನಿನ್ ಹತ್ರ ಇರೋದು ಅಂತ ನೀನೇ ಹೇಳ್ತಾ ಇದ್ಯಲ್ಲ. ಅದೂ ಹೋಗ್ಲಿ ಅಂತ ಬಿಡ್ಬೇಕಿತ್ತಾ?" ನೆಡ್‌ನ ಧ್ವನಿಯೂ ಏರಿತು. "ತಪ್ಪು ಹೊತ್ಕೊಂಡಿದ್ದಕ್ಕೆ ನಂಗೆ ಬೇಜಾರಿಲ್ಲ ಬ್ರಯೋನಿ. ನೀನು ಇದನ್ನ ಆಟ ಅಂದ್ಯಲ್ಲ... ಎಂಟು ತಿಂಗಳು ಇಲ್ಲಿ ನಿಂತು ಕೈ ಸುಲ್ಕೊಂಡು ನಕ್ಕಿದ್ಯಲ್ಲ, ಅದೆಲ್ಲ ಸುಳ್ಳು ಅಂದ ಹಾಗಾಯ್ತು. ನಂಗೆ ನೋವಾಗಿದ್ದು ಅದಕ್ಕೆ!"

ಡೊರೀನ್ ಮೆಲ್ಲಗೆ ಕೋಟನ್ನು ಮತ್ತೆ ಹಾಕಿಕೊಂಡಳು. "ನಾನು ಪಬ್ಬಲ್ಲಿರ್ತೀನಿ. ಉಳಿದೋರನ್ನೂ ಅಲ್ಲೇ ಹಿಡ್ಕೊಳ್ತೀನಿ. ಕೂಗಾಟ ಮುಗಿದ್ಮೇಲೆ ಹೇಳಿ," ಎಂದು ಇಳಿದುಹೋದಳು.

ಬ್ರಯೋನಿ ಫೋನನ್ನು ಜೇಬಿಗೆ ಹಾಕಿದಳು.

"ಸುಳ್ಳಲ್ಲ," ಎಂದಳು. "ಅದೊಂದೇ ನಿಜ ಆಗಿತ್ತು. ಅದಕ್ಕೇ ಹಾಗಂದೆ. ಎಲ್ಲ ಕಳ್ಕೊಳ್ತೀನಿ ಅಂತ ಭಯ ಆದಾಗ ಹತ್ತಿರ ಇರೋದಕ್ಕೇ ಒದೀತೀನಿ ನಾನು. ಕೆಟ್ಟ ಬುದ್ಧಿ... ಕ್ಷಮಿಸು ನೆಡ್."

ನೆಡ್ ಕೈಯಲ್ಲಿದ್ದ ಹಗ್ಗ ಬಿಟ್ಟ.

"ಮಿಸ್ ಕ್ರೇಲ್‌ಗೆ ಈಗಷ್ಟೇ ಫೋನ್ ಮಾಡ್ದೆ. ತಪ್ಪು ನಂದು ಅಂದೆ."

"ಏನು?!"

"ಇನ್ಮೇಲೆ ಮಂಗಳವಾರ ಸಂಜೆ ಫೋನ್ ಎತ್ತಲ್ಲ ಅಂತಾನೂ ಅಂದೆ. ಬಡ್ತಿ ಮರ್ತುಬಿಡು ಅಂದ್ಲು. ಕೆಲಸ ಉಳಿಯುತ್ತೋ ಇಲ್ವೋ ನಾಳೆ ಹೇಳ್ತಾಳಂತೆ."

"ಹುಚ್ಚಿ! ಯಾಕೆ ಹೇಳೋಕೆ ಹೋದೆ?"

"ಮಂಗಳವಾರ ನಂಗೆ ಬೇಕು. ನೀನೂ ಬೇಕು." ಅವಳು ಕಣ್ಣೊರೆಸಿಕೊಂಡಳು. "ಅಯ್ಯೋ, ಹಾಗೆ ನೋಡ್ಬೇಡ! ಪ್ರೀತಿಸ್ತೀನಿ ಅಂತಿದೀನಿ ಕಣೋ, ಕೊಳಾಯಿಯವನೇ!"

ನೆಡ್‌ನ ಗಂಟಿಕ್ಕಿದ ಹುಬ್ಬು ಮೊದಲ ಬಾರಿಗೆ ಸಡಿಲವಾಯಿತು.

"ಪ್ರೀತಿ ಇಲ್ದೇ ಇದ್ರೆ ಯಾವನಾದ್ರೂ ಇನ್ನೂರು ಜನರ ಮುಂದೆ ಅಂಥ ಬೈಗುಳ ತಿಂತಾನಾ?" ಎಂದ ಮೆಲ್ಲಗೆ.

"ಅದು ಪ್ರೀತಿ ಅಲ್ಲ, ಪೆದ್ದುತನ. ಇನ್ಮೇಲೆ ನನ್ನ ತಪ್ಪು ಮುಚ್ಚಿಡ್ಬೇಡ. ಮುಖಕ್ಕೆ ಹೇಳು."

"ಹೇಳಿದ್ರೆ ಜಗಳ ಆಡ್ತೀಯ."

"ಆಡ್ತೀನಿ. ಆದ್ರೂ ಹೇಳು."

ನೆಡ್ ಅವಳ ಕೈಗಳತ್ತ ನೋಡಿದ. "ಸರಿ. ಎಂಟು ತಿಂಗಳಾದ್ರೂ ನಿನ್ನ ಹಿಡಿತ ಇನ್ನೂ ಸರಿಯಿಲ್ಲ."

ಬ್ರಯೋನಿ ಎರಡೂ ಕೈಗಳನ್ನು ಅವನ ಮುಂದೆ ಚಾಚಿದಳು.

"ಹಿಡ್ದು ತೋರ್ಸು ಮತ್ತೆ."